ಮಾಡ್ ಮಾಡಾಕತ್ತೀನಿ ಮಾಮ

ಮೇ ತಿಂಗಳಲ್ಲಿ ರಾಯಚೂರಿನ ಮಧ್ಯಾಹ್ನ ಎರಡು ಗಂಟೆಗೆ ಎಚ್ಚರವಾಗಿರುವುದು ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಪಾಳಿಯವರು, ಬಿಟ್ಟರೆ ನನ್ನ ಅಳಿಯ. ಅಳಿಯ ಅಂದರೆ ಮಾನ್ವಿಗೆ ಕೊಟ್ಟ ತಂಗಿಯ ಮಗ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ರಜೆಗೆ ನಮ್ಮ ಮನೆಗೇ ಬರುತ್ತಾನೆ. ಸೋದರಮಾವನ ಮೇಲಿನ ಪ್ರೀತಿ ಎಂದು ನಾನು ತಿಳಿದಿದ್ದೆ. ನಮ್ಮ ಕೂಲರ್ ದೊಡ್ಡದು ಎಂಬುದು ಆಮೇಲೆ ಗೊತ್ತಾಯಿತು.

ಅವತ್ತು ಲ್ಯಾಪ್‌ಟಾಪ್ ಮುಂದೆ ಕೂತಿದ್ದವನನ್ನು ಕೇಳಿದೆ, ‘ಏನ್ ಮಾಡಾಕತ್ತೀಯಲೇ?’

‘ಮಾಡ್ ಮಾಡಾಕತ್ತೀನಿ ಮಾಮ.’

‘ಅದನ್ನs ಕೇಳಿದ್ದು. ಏನ್ ಮಾಡಾಕತ್ತಿ?’

‘ಮಾಡ್!’

ಹೀಗೆ ಐದು ನಿಮಿಷ ನಡೆದ ಮೇಲೆ ತಿಳಿದದ್ದಿಷ್ಟು. ಯಾರೋ ಕಟ್ಟಿದ ಕಂಪ್ಯೂಟರ್ ಆಟಕ್ಕೆ ನಾವು ನಮ್ಮದೊಂದು ಪಡಸಾಲೆ ಎಳೆದರೆ ಅದಕ್ಕೆ ‘ಮಾಡ್’ ಅನ್ನುತ್ತಾರೆ. ಆಟದ ಹೆಸರು ಡ್ವಾರ್ಫ್ ಫೋರ್ಟ್ರೆಸ್, ಕುಳ್ಳರ ಕೋಟೆ. ಅಮೆರಿಕದ ಟಾರ್ನ್ ಮತ್ತು ಝ್ಯಾಕ್ ಆ್ಯಡಮ್ಸ್ ಎಂಬ ಅಣ್ಣತಮ್ಮಂದಿರು 2006ರಲ್ಲಿ ಹೊರಬಿಟ್ಟು ಇವತ್ತಿಗೂ ತಿದ್ದುತ್ತಲೇ ಇದ್ದಾರೆ. ಅದರೊಳಗಿನ ಪ್ರಾಣಿ, ಮನುಷ್ಯ, ಲೋಹ ಎಲ್ಲದರ ಜಾತಕ ಸಾದಾ ಅಕ್ಷರದ ಕಡತದಲ್ಲಿದೆ. ನೋಟ್‌ಪ್ಯಾಡಿನಲ್ಲಿ ತೆರೆದು ಹೊಸ ಲೋಹ ಬರೆಯಬಹುದು, ಹೊಸ ಜನರನ್ನು ಹುಟ್ಟಿಸಬಹುದು. ಬ್ರಹ್ಮನ ಕೆಲಸ ಇಷ್ಟು ಸಲೀಸು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಕುರ್ಚಿ ಎಳೆದುಕೊಂಡು ಕೂತೆ.

ಮೊದಲ ತೊಡಕು ಉಷ್ಣಾಂಶದ್ದು. ಆ ಆಟಕ್ಕೆ ಸೆಲ್ಸಿಯಸ್ ಗೊತ್ತಿಲ್ಲ. ಅದರದ್ದೇ ಅಳತೆ: ನೀರು ಹೆಪ್ಪುಗಟ್ಟುವುದು 10000ಕ್ಕೆ, ಮೈ ಬಿಸಿ 10067, ಕಬ್ಬಿಣ ಕರಗುವುದು 12768ಕ್ಕೆ. ಅಳಿಯ ರಾಯಚೂರಿನ 45 ಡಿಗ್ರಿಯನ್ನು ಲೆಕ್ಕ ಹಾಕಿದ, 10081 ಬಂತು. ಅಂದರೆ ನಮ್ಮ ಊರು ನಮ್ಮ ಮೈಗಿಂತ ಹದಿನಾಲ್ಕು ಅಂಕ ಬಿಸಿ. ‘ಇಲ್ಲಿ ಬದುಕಿದವರು ಆಗಲೇ ಬೇರೆ ಜನಾಂಗ ಮಾಮ’ ಅಂದ.

ಆ ‘ಜನಾಂಗ’ ಶಬ್ದಕ್ಕೂ ಒಂದು ಕಥೆ ಇದೆ. ಮೊದಲು ಅವನು ‘ಜಾತಿ’ ಎಂದು ಬರೆದಿದ್ದ. ನಾನು ಎದೆ ಹಿಡಿದುಕೊಂಡೆ. ಜಾತಿ ಅಂತ ಒಂದು ಕಾಲಂ ಇಟ್ಟರೆ ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ಎರಡು ಫೋಟೋ ಬೇಕು. ಕುಳ್ಳರು ಕೋಟೆ ಕಟ್ಟುವುದು ಯಾವಾಗ? ಹೊಡೆದು ಹಾಕಿಸಿದೆ.

ಆಮೇಲೆ ಲೋಹ. ಟೋಲ್ಕಿನ್ ಕಾದಂಬರಿಯಲ್ಲಿ ಮಿಥ್ರಿಲ್ ಇದೆಯಂತೆ, ತೀರಾ ಹಗುರ, ಆದರೂ ಬಹಳ ಗಟ್ಟಿ. ಈ ಆಟದಲ್ಲಿ ಅಡಮಂಟೈನ್ ಇದೆ, ಅದರ ಸಾಂದ್ರತೆ 200, ನೀರಿನ ಐದರಲ್ಲೊಂದು ಪಾಲು. ಅಳಿಯ ತನ್ನದೊಂದು ಹೆಸರು ಕಟ್ಟಿದ್ದ: ಝೋರ್ಥಿಯಂ. ‘ಊಟ ಆದ ಮ್ಯಾಲ ತಗೋಳ್ಳೋ ಗುಳಿಗಿ ಇದ್ದಂಗೈತಿ’ ಅಂದೆ. ಅವನ ಮುಖ ಸಣ್ಣದಾಯಿತು.

‘ನೀನs ಹೇಳು ಹಂಗಾರ.’

‘ಉಕ್ಕು!’ ಎಂದು ಜೋರಾಗಿ ಕೂಗಿದೆ. ಒಳಗೆ ಒರಗಿದ್ದ ನನ್ನ ಹೆಂಡತಿ ದಡಬಡಿಸಿ ಎದ್ದು ಅಡುಗೆಮನೆಗೆ ಓಡಿದಳು. ಹಾಲು ತಣ್ಣಗೆ ಕೂತಿತ್ತು. ಅವಳು ನನ್ನನ್ನು ನೋಡಿದ ನೋಟ 12768ರ ಆಸುಪಾಸಿನಲ್ಲಿತ್ತು.

ಆದರೆ ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಚೂರು, ತಂಗಡಿ ಕಡ್ಡಿ, ಹಸಿರೆಲೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ತಿದಿ ಒತ್ತಿ ಕಾಸಿದರೆ ಗಡ್ಡೆ ಕಟ್ಟುವ ಉಕ್ಕು ನಮ್ಮ ದಕ್ಷಿಣದ್ದು. ಡಮಾಸ್ಕಸ್ ಖಡ್ಗ ಎಂದು ಜಗತ್ತೆಲ್ಲ ಕೊಂಡಾಡಿದ್ದಕ್ಕೆ ಮೂಲಸರಕು ಅದು. ‘ಉಕ್ಕು’ ಬಿಳಿಯರ ಬಾಯಲ್ಲಿ ‘ವೂಟ್ಜ್’ ಆಯಿತು ಎನ್ನುತ್ತಾರೆ. 1795ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಪ್ರಬಂಧ ಬರೆದ. ಆಮೇಲೆ ಮೈಕೇಲ್ ಫ್ಯಾರಡೆಯೂ ಅದರ ಗುಟ್ಟು ಹುಡುಕಿ ಬೆವರಿದ. ಎಲೆ ಹಾಕಿ ಲೋಹ ಮಾಡುವುದಕ್ಕಿಂತ ದೊಡ್ಡ ಮಾಟ ಯಾವ ಆಟದಲ್ಲಿದೆ? ಇನ್ನು ಬಂಗಾರಕ್ಕೆ ಹಟ್ಟಿ ಇದೆ. ಸಿಡಿಮದ್ದು ಇಲ್ಲದ ಕಾಲದಲ್ಲಿ ಬಂಡೆಗೆ ಬೆಂಕಿ ಹಚ್ಚಿ, ನೀರು ಸುರಿದು, ಸೀಳಿ, ನೂರಾರು ಅಡಿ ಆಳಕ್ಕೆ ಇಳಿದ ಜನ ಅಲ್ಲಿದ್ದರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಕಡೆ ಬಂಗಾರ ಹುಡುಕಹೋದರೆ ಗುಡ್ಡದ ಕಲ್ಲಿನ ಮೇಲೆ ಅವನಿಗೆ ಸಿಕ್ಕಿದ್ದು ಅಶೋಕನ ಹೆಸರು. ಇದನ್ನೆಲ್ಲ ಕೇಳಿ ಅಳಿಯ ಝೋರ್ಥಿಯಂ ಅಳಿಸಿದ.

ಜನಾಂಗಗಳು ಮೂರು ಎಂದು ತೀರ್ಮಾನವಾಯಿತು: ರಾಯಚೂರಿನವರು, ಮಾನ್ವಿಯವರು, ದೇವದುರ್ಗದವರು. ಮೂರನೆಯದಕ್ಕೆ ಕಾರಣ ಕೇಳಬೇಡಿ. ನನ್ನ ಹೆಂಡತಿಯ ತವರು ದೇವದುರ್ಗ, ಹಾಲಿನ ಪ್ರಕರಣ ಇನ್ನೂ ಇತ್ಯರ್ಥವಾಗಿರಲಿಲ್ಲ.

ರಾಯಚೂರಿನವರಿಗೆ ಅಳಿಯ ಎಂಟಡಿ ಎತ್ತರ ಕೊಟ್ಟಿದ್ದ. ಕೋಟೆಯ ಗೋಡೆಯಲ್ಲಿ 41 ಅಡಿಯ ಕಲ್ಲಿದೆಯಲ್ಲ, ಅದನ್ನು ದೈತ್ಯರೇ ಎತ್ತಿರಬೇಕು ಎಂಬುದು ಅವನ ತರ್ಕ. ಸಂಜೆ ಬಿಸಿಲಿಳಿದ ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ. ಕಲ್ಲಿನ ಮೇಲೇ ಬರೆದಿದೆ, 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ್ದು. ಕಲ್ಲು ತಂದ ಬಗೆಯನ್ನೂ ಗೋಡೆಯಲ್ಲಿ ಕೊರೆದಿದ್ದಾರೆ: ಉದ್ದನೆಯ ಬಂಡಿ, ಮುಂದೆ ಸಾಲಾಗಿ ಕೋಣಗಳು. ಅಳಿಯ ಮೊಬೈಲ್ ಬೆಳಕು ಬಿಟ್ಟು ಒಂದೊಂದೇ ಕೋಣ ಎಣಿಸಿದ. ವಾಪಸು ಬರುವಾಗ ಒಗ್ಗರಣಿ ಮಿರ್ಚಿ ತಿನ್ನುತ್ತಾ ಎಂಟಡಿಯನ್ನು ಐದೂವರೆಗೆ ಇಳಿಸಿ, ಕೋಣ ಸಾಕುವ ವಿದ್ಯೆ ಕೊಟ್ಟ.

ದೇವದುರ್ಗದವರಿಗೆ ಕಲ್ಲುಕೆತ್ತನೆಯಲ್ಲಿ ಪೂರ್ತಿ ಅಂಕ. ‘ಗಬ್ಬೂರಿನ ಗುಡಿ ನೋಡೀರೇನು ನೀವು?’ ಎಂದು ಹೆಂಡತಿ ಒಂದೇ ಪ್ರಶ್ನೆಯಲ್ಲಿ ಗೆದ್ದಳು. ಮಾನ್ವಿಯವರಿಗೆ ಹಾಡು. ಜಗನ್ನಾಥದಾಸರ ಊರು, ಹರಿಕಥಾಮೃತಸಾರದ ಊರು. ವಿಜಯದಾಸರ ಚೀಕಲಪರವಿಯೂ ಅದೇ ತಾಲ್ಲೂಕು. ಹಾಡಲ್ಲದೆ ಇನ್ನೇನು? ಅಳಿಯ ಹೆಮ್ಮೆಯಿಂದ ತಾಯಿಗೆ ಫೋನ್ ಮಾಡಿದ. ನನ್ನ ತಂಗಿ ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದ ರೈತನ ಹೆಂಡತಿ. ‘ಹಾಡು ಕೊಟ್ಟಿ, ಚೊಲೋ ಆತು. ನೀರು ಯಾರು ಕೊಡಬೇಕು?’ ಅಂದಳು. ಆ ಕಾಲಂ ಕಡತದಲ್ಲಿ ಇರಲಿಲ್ಲ.

ಮೂರನೆಯ ದಿನ ಆಟ ಶುರುವಾಯಿತು. ಕುಲುಮೆಯಿಂದ ಮೊದಲ ಉಕ್ಕಿನ ಖಡ್ಗ ಹೊರಬಂತು, ಬಂದದ್ದೇ ನೀರಾಗಿ ಹರಿಯಿತು. ಕರಗುವ ಅಂಕಿ ಬರೆಯುವಾಗ ಕೊನೆಯ 8 ಬಿಟ್ಟುಹೋಗಿತ್ತು. 12768 ಇರಬೇಕಾದಲ್ಲಿ 1276. ಆ ಅಂಕಿ ಟೈಪ್ ಮಾಡಿದವನು ನಾನೇ. ಮನೆಯಲ್ಲಿ ಉಕ್ಕು ಕೊನೆಗೂ ಉಕ್ಕಿತು ಎಂದು ಹೆಂಡತಿ ಪಕ್ಕದ ಮನೆಗೂ ಹೇಳಿ ಬಂದಳು.

ಇಷ್ಟೂ ಹೊತ್ತು ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಅವ್ವ ಕೇಳಿದಳು, ‘ಬಂಗಾರದ ರೇಟ್ ಎಷ್ಟು ಅದರಾಗ?’

‘ಮೂವತ್ತು, ಅಮ್ಮಾ. ಉಕ್ಕಿಗೂ ಮೂವತ್ತೇ.’

‘ಅಲ್ಯೂಮಿನಿಯಂ?’ ಅವ್ವ ಹಾಗೆ ಕೇಳಲಿಲ್ಲ, ‘ಜರ್ಮನ್?’ ಅಂದಳು. ನಮ್ಮ ಕಡೆ ಅದಕ್ಕೆ ಅದೇ ಹೆಸರು.

ಅಳಿಯ ಕಡತ ಹುಡುಕಿದ. ನಲವತ್ತು. ಆ ಆಟದಲ್ಲಿ ಅದು ಅಪರೂಪದ ಲೋಹ, ಬಂಗಾರಕ್ಕಿಂತ ತುಟ್ಟಿ.

ಅವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. ಮೂರು ಜರ್ಮನ್ ಡಬರಿಗೆ ನಾಲ್ಕು ಬಂಗಾರದ ಡಬರಿ. ಅಳಿಯ ಬೆಂಗಳೂರಿಗೆ ಹೋಗಿ ಎರಡು ತಿಂಗಳಾಯಿತು. ಅಟ್ಟದ ಮೇಲಿನ ಸೊಟ್ಟ ಡಬರಿಗಳನ್ನು ಮೋಡಕಾದವನಿಗೆ ಹಾಕೋಣ ಎಂದರೆ ಅವ್ವ ಇನ್ನೂ ಒಪ್ಪುತ್ತಿಲ್ಲ.