ಲಾಸ್ಟ್ ಡೇಟ್ ಡೈರೆಕ್ಟರು

ಅವರ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿಗಿಂತ ಅದರ ಕೆಳಗಿನ ಸಾಲೇ ದಪ್ಪ: ಮ್ಯಾನೇಜಿಂಗ್ ಡೈರೆಕ್ಟರ್. ಕಾರಿನ ಹಿಂದಿನ ಗಾಜಿನ ಮೇಲೆ ಕಂಪನಿಯ ಲೋಗೊ. ತಂಗಿಯ ಮದುವೆಯ ಕರೆಯೋಲೆಯಲ್ಲೂ ಹೆಸರಿನ ಮುಂದೆ ಎಂ.ಡಿ. ಎಂದು ಅಚ್ಚು ಹಾಕಿಸಿದ್ದರು. ಛತ್ರಕ್ಕೆ ಬಂದ ದೂರದ ನೆಂಟರೊಬ್ಬರು ಅದನ್ನು ನಂಬಿ, ಊಟವಾದ ಮೇಲೆ ಅವರನ್ನು ಮೂಲೆಗೆ ಕರೆದು ತಮ್ಮ ಮಂಡಿನೋವಿಗೆ ಯಾವ ಮಾತ್ರೆ ಒಳ್ಳೆಯದು ಎಂದು ಕೇಳಿದರು. ಸಾಹೇಬರು ಬೇಜಾರು ಮಾಡಿಕೊಳ್ಳದೆ ಒಂದು ಮಾತ್ರೆಯ ಹೆಸರು ಹೇಳಿಯೇ ಕಳಿಸಿದರಂತೆ.

ನಾಗರಬಾವಿ, ರಾಜಾಜಿನಗರ, ಮೈಸೂರಿನ ಕುವೆಂಪುನಗರ, ಹುಬ್ಬಳ್ಳಿಯ ವಿದ್ಯಾನಗರ, ಎಲ್ಲಿ ಹೋದರೂ ಈ ಜಾತಿಯವರು ಅಡ್ಡರಸ್ತೆಗೊಬ್ಬರಂತೆ ಸಿಗುತ್ತಾರೆ. ಕಂಪನಿ ಇಂಟೀರಿಯರ್‌ನದ್ದೋ ಸೋಲಾರ್‌ನದ್ದೋ ಇರಬಹುದು, ಇಲ್ಲವೇ ಬರೀ ‘ಸೊಲ್ಯೂಷನ್ಸ್’ ಇರಬಹುದು. ಸೊಲ್ಯೂಷನ್ಸ್ ಎಂದರೆ ಏನು ಮಾಡುತ್ತಾರೆಂದು ಮನೆಯವರೂ ಕೇಳಲು ಹೋಗುವುದಿಲ್ಲ. ಬಂಡವಾಳ ಒಂದು ಲಕ್ಷ ರೂಪಾಯಿ. ಕನಿಷ್ಠ ಬಂಡವಾಳ ಇಷ್ಟಿರಲೇಬೇಕೆಂಬ ನಿಯಮ 2015ರಲ್ಲೇ ಹೋಯಿತು, ಆದರೂ ರೂಢಿ ಬಿಟ್ಟಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕಡಿಮೆಯೆಂದರೂ ಇಬ್ಬರು ಡೈರೆಕ್ಟರು, ಇಬ್ಬರು ಷೇರುದಾರರು ಬೇಕು. ಎರಡನೆಯವರು ಹೆಂಡತಿ. ಮೂರನೆಯವರಾಗಿ, ಗೌರವಕ್ಕಿರಲಿ ಅಂತ, ನಿವೃತ್ತ ಹೆಡ್‌ಮಾಸ್ಟರಾದ ತಂದೆ.

ಕಾನೂನು ಇವರಿಂದ ಕೇಳುವುದು ಹೆಚ್ಚೇನಲ್ಲ. ಮಾರ್ಚ್ 31ಕ್ಕೆ ಲೆಕ್ಕದ ವರ್ಷ ಮುಗಿದರೆ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಮಹಾಸಭೆ ಆಗಬೇಕು. ಸಭೆಯಾದ 30 ದಿನದಲ್ಲಿ ಲೆಕ್ಕಪತ್ರ, ಅದರ ನಮೂನೆ ಎಒಸಿ-4. 60 ದಿನದಲ್ಲಿ ವಾರ್ಷಿಕ ರಿಟರ್ನ್, ಅದು ಎಂಜಿಟಿ-7. ಸಣ್ಣ ಕಂಪನಿಗಳಿಗೆ 7ಎ ಅಂತ ಚಿಕ್ಕದೊಂದು ಉಂಟು. ಮೊದಲು ಇದೆಲ್ಲ ಕಾಗದದ ಕಟ್ಟುಗಳಲ್ಲಿ ಹೊತ್ತು ಹೋಗಿ ಕೌಂಟರಿನಲ್ಲಿ ಕೊಡುವ ಕೆಲಸವಾಗಿತ್ತು. 2006ರಲ್ಲಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಎಂಸಿಎ-21 ಪೋರ್ಟಲ್ ಬಂದ ಮೇಲೆ ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಕಂಪನಿ ರಿಜಿಸ್ಟ್ರಾರರ ಮುಖ ನೋಡದೆಯೇ ಮನೆಯಿಂದ ಸಲ್ಲಿಸಬಹುದು. ಒಂದು ಲಕ್ಷ ಬಂಡವಾಳದ ಕಂಪನಿಗೆ ಫಾರಂ ಒಂದಕ್ಕೆ ಶುಲ್ಕ ಬರೀ 300 ರೂಪಾಯಿ.

ಸಾಹೇಬರಿಗೆ ಇದು ಗೊತ್ತು. ಕೊನೆಯ ದಿನಾಂಕವಂತೂ ಚೆನ್ನಾಗಿ ಗೊತ್ತು. ಅದಕ್ಕೆ ಮುಂಚಿನ ದಿನಾಂಕಗಳ ಬಗ್ಗೆ ಮಾತ್ರ ಅವರಿಗೆ ಆಸಕ್ತಿಯಿಲ್ಲ.

“ತಡ ಆದ್ರೆ ದಿನಕ್ಕೆ ನೂರು ತಾನೇ? ಒಂದು ಮಸಾಲೆದೋಸೆ, ಕಾಫಿ ದುಡ್ಡು” ಎನ್ನುವುದು ಅವರ ಲೆಕ್ಕ. ಹಿಂದೆ ಈ ದಂಡಕ್ಕೊಂದು ಕಟ್ಟೆಯಿತ್ತು, ಎಷ್ಟೇ ತಡವಾದರೂ ಮೂಲ ಶುಲ್ಕದ ಹನ್ನೆರಡು ಪಟ್ಟಿಗೆ ನಿಲ್ಲುತ್ತಿತ್ತು. 2018ರ ಜುಲೈನಿಂದ ಕಟ್ಟೆ ಒಡೆಯಿತು. ಫಾರಂ ಒಂದಕ್ಕೆ ದಿನಕ್ಕೆ ನೂರರಂತೆ, ಸಲ್ಲಿಸುವವರೆಗೂ ಏರುತ್ತಲೇ ಇರುತ್ತದೆ. ನಾಲ್ಕನೇ ದಿನಕ್ಕೇ ದಂಡ ಮೂಲ ಶುಲ್ಕವನ್ನು ದಾಟುತ್ತದೆ. ಎರಡು ಫಾರಮ್ಮಿಗೆ ಒಂದು ವರ್ಷಕ್ಕೆ 73,000. ಐನೂರು ದಿನ ಮರೆತರೆ ಭರ್ತಿ ಒಂದು ಲಕ್ಷ, ಅಂದರೆ ಕಂಪನಿಯ ಇಡೀ ಬಂಡವಾಳ. ಆಡಿಟರು ಈ ಗುಣಾಕಾರವನ್ನು ಕ್ಯಾಲ್ಕ್ಯುಲೇಟರಿನಲ್ಲಿ ಒತ್ತಿ ತೋರಿಸಿದಾಗ ಸಾಹೇಬರು ದೋಸೆಯ ಮಾತು ಬಿಟ್ಟು “ಇದಕ್ಕೆ ಏನಾದ್ರೂ ಮಾಡಕ್ಕಾಗಲ್ವಾ?” ಎಂದು ದನಿ ತಗ್ಗಿಸಿದರು. ಕೌಂಟರಿನ ಕಾಲದಲ್ಲಾದರೆ ಯಾರಾದರೊಬ್ಬರು ಪರಿಚಯದವರು ಇರುತ್ತಿದ್ದರೇನೋ. ಪೋರ್ಟಲ್ಲಿಗೆ ಯಾರ ಪರಿಚಯವೂ ಇಲ್ಲ.

ಇನ್ನು ಮಹಾಸಭೆ. ಕಾಯಿದೆಯ ಪ್ರಕಾರ ಸಭೆಗೆ 21 ದಿನ ಮೊದಲು ನೋಟಿಸ್ ಕೊಡಬೇಕು. ಸಭೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರೊಳಗೆ ನಡೆಯಬೇಕು, ರಾಷ್ಟ್ರೀಯ ರಜಾದಿನ ಕೂಡದು, ಕೋರಂ ಇಬ್ಬರು. ಹೀಗಾಗಿ ಒಂದೇ ಮಂಚದಲ್ಲಿ ಮಲಗುವ ಗಂಡ ಹೆಂಡತಿಗೆ ವಿಧಿವತ್ತಾಗಿ ನೋಟಿಸ್ ಜಾರಿ ಮಾಡಬೇಕಾಗುತ್ತದೆ. ಹೆಂಡತಿ ಒಪ್ಪಿ ಬರೆದುಕೊಟ್ಟರೆ ಕಡಿಮೆ ದಿನದ ನೋಟಿಸೂ ನಡೆದೀತು, ಆದರೆ ಒಪ್ಪುವುದು ಬಿಡುವುದು ಅವರ ಇಷ್ಟ. ಆಡಿಟರ ಆಫೀಸಿನ ಹುಡುಗ ಬರೆದ ನಡಾವಳಿಯಲ್ಲಿ ಸಭೆ ಸೆಪ್ಟೆಂಬರ್ 30ರ ಬೆಳಿಗ್ಗೆ ಹನ್ನೊಂದಕ್ಕೆ ಸೇರುತ್ತದೆ, ಅಧ್ಯಕ್ಷರು ಸದಸ್ಯರನ್ನು ಸ್ವಾಗತಿಸುತ್ತಾರೆ, ಲೆಕ್ಕಪತ್ರ ಮಂಡನೆಯಾಗುತ್ತದೆ, ಕೊನೆಗೆ ವಂದನಾರ್ಪಣೆ. ಆ ಹೊತ್ತಿನಲ್ಲಿ ಅಧ್ಯಕ್ಷರು ದೇವನಹಳ್ಳಿಯಲ್ಲಿ ಸೈಟು ನೋಡುತ್ತಿದ್ದರು. ಸದಸ್ಯೆ ತವರಿನಲ್ಲಿದ್ದರು. ವಾಪಸು ಬಂದು ಸಹಿ ಹಾಕುವ ಮುಂಚೆ ಕಾಗದ ಓದಿದ ಆ ಮಹಾತಾಯಿ ಕೇಳಿದ್ದು ಒಂದೇ ಪ್ರಶ್ನೆ: “ನಾನು ಅನುಮೋದಿಸಿದೆ ಅಂತ ಬರೆದಿದೀರಲ್ಲ, ನನ್ನನ್ನ ಕೇಳಿದ್ದು ಯಾರು?” ಕಂಪನಿಯ ಚರಿತ್ರೆಯಲ್ಲಿ ಷೇರುದಾರರೊಬ್ಬರು ಎತ್ತಿದ ಏಕೈಕ ಗಂಭೀರ ಪ್ರಶ್ನೆ ಅದು. ನಡಾವಳಿಯಲ್ಲಿ ಅದು ದಾಖಲಾಗಲಿಲ್ಲ.

2019ರಲ್ಲಿ ಸರ್ಕಾರ ಇನ್ನೊಂದು ಆಟ ಹೂಡಿತು. ಐಎನ್‌ಸಿ-22ಎ ಎಂಬ ಫಾರಂ, ಅಡ್ಡಹೆಸರು ‘ಆಕ್ಟಿವ್’. ನೋಂದಾಯಿತ ಕಚೇರಿಯ ಅಕ್ಷಾಂಶ ರೇಖಾಂಶ ಕೊಡಿ, ಕಟ್ಟಡದ ಹೊರಗಿನ ಫೋಟೊ ಕೊಡಿ, ಒಳಗಿನ ಫೋಟೊ ಕೊಡಿ, ಒಳಗಿನದರಲ್ಲಿ ಸಹಿ ಹಾಕುವ ಡೈರೆಕ್ಟರೂ ಕಾಣಬೇಕು ಎಂದಿತು. ಹೆಸರಿಗಷ್ಟೇ ಇರುವ ಕಂಪನಿಗಳನ್ನು ಹಿಡಿಯುವ ಬಲೆ ಇದು. ಗಡುವು ಏಪ್ರಿಲ್‌ನಿಂದ ಜೂನ್ 15ಕ್ಕೆ ಹೋಯಿತು, ತಪ್ಪಿದರೆ 10,000 ರೂಪಾಯಿ.

ಸಾಹೇಬರ ನೋಂದಾಯಿತ ಕಚೇರಿಯೆಂದರೆ ಮನೆಯ ಊಟದ ಕೋಣೆ. ಡೈನಿಂಗ್ ಟೇಬಲ್ಲಿನಿಂದ ಉಪ್ಪಿನಕಾಯಿ ಜಾಡಿ ಇಳಿಸಿ ಲ್ಯಾಪ್‌ಟಾಪ್ ಇಟ್ಟರು. ಗೋಡೆಯ ಮೇಲಿನ ಮದುವೆ ಫೋಟೊದ ಜಾಗಕ್ಕೆ ಇನ್‌ಕಾರ್ಪೊರೇಷನ್ ಸರ್ಟಿಫಿಕೇಟ್ ಬಂತು. ಹೊರಗಿನ ಫೋಟೊಗೆ ಬೋರ್ಡು ಬೇಕಲ್ಲ? ಇಂಗ್ಲಿಷಿನ ಫಲಕವೊಂದು ಅಟ್ಟದಲ್ಲಿತ್ತು. ಕಚೇರಿಯ ಹೊರಗೆ ಕಂಪನಿಯ ಹೆಸರು ಆ ಊರಿನಲ್ಲಿ ಬಳಕೆಯಲ್ಲಿರುವ ಭಾಷೆಯ ಲಿಪಿಯಲ್ಲೂ ಇರಬೇಕೆಂದು ಕಂಪನಿ ಕಾಯಿದೆಯ 12ನೇ ಕಲಮು ಹೇಳುತ್ತದೆಂದು ಆಡಿಟರು ನೆನಪಿಸಿದ ಮೇಲೆ, ರಾತ್ರೋರಾತ್ರಿ ಫ್ಲೆಕ್ಸಿನಲ್ಲಿ ಕನ್ನಡದ ಹೆಸರೂ ಮೂಡಿತು. ಕಾಂಪೌಂಡಿಗೆ ಕಟ್ಟಿ, ಫೋಟೊ ತೆಗೆದು, ಮಧ್ಯಾಹ್ನದೊಳಗೆ ಬಿಚ್ಚಿದರು. ಬಿಚ್ಚುವಷ್ಟರಲ್ಲಿ ಪಕ್ಕದ ಮನೆಯವರು ಬಂದು ಬಾಡಿಗೆ ಎಷ್ಟು ಹೇಳ್ತೀರಿ ಎಂದು ವಿಚಾರಿಸಿಯಾಗಿತ್ತು. ಅಪ್‌ಲೋಡ್ ಮಾಡಿದ ಒಳಗಿನ ಚಿತ್ರದಲ್ಲಿ ಸಾಹೇಬರು ಕೋಟು ತೊಟ್ಟು ಗಂಭೀರವಾಗಿ ಕೂತಿದ್ದಾರೆ. ಎಡಕ್ಕೆ, ಎಷ್ಟು ಕತ್ತರಿಸಿದರೂ ಉಳಿದುಕೊಂಡಂತೆ, ಕುಕ್ಕರಿನ ಹಿಡಿ.

ಇವರನ್ನು ಬರೀ ಸೋಮಾರಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಕಂಪನಿಯ ಮೇಲೆ ಇವರಿಗೆ ನಿಜವಾದ ಪ್ರೀತಿಯಿದೆ. ಮನೆಗೆ ಬಂದವರಿಗೆ ಫೋನಿನಲ್ಲಿ ಸಚಿವಾಲಯದ ಪೋರ್ಟಲ್ ತೆರೆದು, ತಮ್ಮ ಕಂಪನಿಯ ಹೆಸರು ಹೊಡೆದು, ‘ಆಕ್ಟಿವ್’ ಎಂಬ ಪದವನ್ನು ಬೆರಳಿನಿಂದ ದೊಡ್ಡದು ಮಾಡಿ ತೋರಿಸುತ್ತಾರೆ. ಈಗೀಗ ಸಾಲ ಕೊಡುವ ಬ್ಯಾಂಕಿನವರೂ ಹೆಣ್ಣು ಕೊಡುವ ಬೀಗರೂ ಇದನ್ನು ತಾವೇ ನೋಡಲು ಕಲಿತಿರುವುದರಿಂದ ಆ ಪದಕ್ಕೆ ಬೆಲೆಯೂ ಬಂದಿದೆ. ಬೆವರು ಬರಿಸುವುದು ಅದರ ಪಕ್ಕ ಕೂರುವ ‘ನಾನ್-ಕಂಪ್ಲಯಂಟ್’ ಎಂಬ ಇನ್ನೊಂದು ಪದ. ಅದಕ್ಕಿಂತ ಕೆಟ್ಟದ್ದು ‘ಸ್ಟ್ರೈಕ್ ಆಫ್’.

ಸ್ಟ್ರೈಕ್ ಆಫ್ ಏನೆಂದು ಇವರ ಭಾವಮೈದುನನಿಗೆ ಗೊತ್ತು. ಅವನೂ ಇದೇ ಪಂಗಡ. 2017ರಲ್ಲಿ ಕೇಂದ್ರ ಸರ್ಕಾರ ವರ್ಷಗಟ್ಟಲೆ ಲೆಕ್ಕ ಒಪ್ಪಿಸದ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳನ್ನು ಪಟ್ಟಿಯಿಂದ ಹೊಡೆದುಹಾಕಿತು. ಆ ಸೆಪ್ಟೆಂಬರಿನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಡೈರೆಕ್ಟರುಗಳ ಹೆಸರು ಅನರ್ಹರ ಪಟ್ಟಿಯಲ್ಲಿ ಬಂತು. ಸತತ ಮೂರು ವರ್ಷ ಸಲ್ಲಿಸದಿದ್ದರೆ ಐದು ವರ್ಷ ಯಾವ ಕಂಪನಿಯಲ್ಲೂ ಹೊಸದಾಗಿ ಡೈರೆಕ್ಟರಾಗುವಂತಿಲ್ಲ. ಭಾವಮೈದುನ ಆ ಪಿಡಿಎಫ್‌ನಲ್ಲಿ ತನ್ನ ಹೆಸರು ಹುಡುಕಿ, ಸಿಕ್ಕಿದ್ದಕ್ಕೆ ಮೊದಲು ಖುಷಿಪಟ್ಟನಂತೆ. ಪಟ್ಟಿಯ ತಲೆಬರಹ ಓದಿದ್ದು ಆಮೇಲೆ. ದೇಶದ ಹೈಕೋರ್ಟುಗಳಲ್ಲಿ ಅರ್ಜಿಗಳ ರಾಶಿ ಬಿತ್ತು. ಕರ್ನಾಟಕ ಹೈಕೋರ್ಟು 2019ರ ಜೂನ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ ಈ ಅನರ್ಹತೆಯ ಕಲಮನ್ನೇನೋ ಎತ್ತಿಹಿಡಿಯಿತು. ಅಷ್ಟರಲ್ಲಿ ಸರ್ಕಾರವೇ 2018ರ ಮೊದಲ ತಿಂಗಳುಗಳಲ್ಲಿ 30,000 ರೂಪಾಯಿಯ ತಪ್ಪೊಪ್ಪಿಗೆ ಯೋಜನೆಯೊಂದನ್ನು ತಂದು ಹಲವರನ್ನು ದಡ ಸೇರಿಸಿತ್ತು.

ಸಾಹೇಬರ ತಂದೆಯದು ಬೇರೆ ಲೋಕ. ಹೆಡ್‌ಮಾಸ್ಟರರು ಪ್ರತಿ ನವೆಂಬರಿನ ಮೊದಲ ವಾರವೇ ಬ್ಯಾಂಕಿಗೆ ಹೋಗಿ ಪಿಂಚಣಿಯ ಜೀವಂತ ಪ್ರಮಾಣಪತ್ರ ಕೊಟ್ಟು, ರಸೀದಿ ಪಡೆದು, ಅದರ ಜೆರಾಕ್ಸನ್ನೂ ಇಟ್ಟುಕೊಳ್ಳುವವರು. ಅದೇ ನವೆಂಬರಿನ ಕೊನೆಯಲ್ಲಿ ಮಗನ ಕಂಪನಿ ತಾನೂ ಬದುಕಿದ್ದೇನೆಂದು ಹೇಳಿಕೊಳ್ಳಬೇಕು. 2018ರಲ್ಲಿ ಡೈರೆಕ್ಟರುಗಳಿಗೂ ಕೆವೈಸಿ ಬಂದಾಗ, ತಪ್ಪಿಸಿಕೊಂಡರೆ 5,000 ರೂಪಾಯಿ ಎಂದಾಗ, ತಂದೆಯವರ ಫೋನಿಗೂ ಇ-ಮೇಲಿಗೂ ಓಟಿಪಿ ಹೋಯಿತು. ತಮಗೊಂದು ಇ-ಮೇಲ್ ಇದೆಯೆಂದು ಅವರಿಗೆ ತಿಳಿದದ್ದೇ ಅಂದು.

“ಅಪ್ಪಾ, ಬೇಗ ನಂಬರ್ ಹೇಳಿ.”

“ಓಟಿಪಿ ಯಾರಿಗೂ ಹೇಳಬಾರದು ಅಂತ ಪೊಲೀಸರು ಟಿವಿಲಿ ಹೇಳ್ತಾರೆ.”

“ನಾನು ನಿಮ್ಮ ಮಗ!”

“ಫೋನಿನಲ್ಲಿ ಎಲ್ಲರೂ ಹಾಗೇ ಹೇಳೋದು.”

ಅವಧಿ ಮುಗಿಯಿತು. ಮತ್ತೊಂದು ಓಟಿಪಿ ತರಿಸಬೇಕಾಯಿತು. ಕಂಪನಿಯಲ್ಲಿ ನಿಯಮಪಾಲನೆ ಎಂಬ ಗುಣ ಇರುವುದೇ ಆದರೆ ಅದು ಈ ಹಿರಿಯರಲ್ಲಿ ಮಾತ್ರ.

ನವೆಂಬರಿನ ಕೊನೆಯ ರಾತ್ರಿಗಳಲ್ಲಿ ಯಾವುದಾದರೂ ಆಡಿಟರ ಆಫೀಸಿಗೆ ಹೋಗಿ ನೋಡಬೇಕು. ಡ್ರಾಯರ್ ಎಳೆದರೆ ಹೆಬ್ಬೆರಳಿನಷ್ಟುದ್ದದ ಯುಎಸ್‌ಬಿ ಟೋಕನ್‌ಗಳು, ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಒಂದರ ಮೇಲೊಂದು. ಇವೇ ಡೈರೆಕ್ಟರುಗಳ ಡಿಜಿಟಲ್ ಸಹಿ. ಸಹಿಯ ಒಡೆಯನ ಬಳಿಯೇ ಇರಬೇಕಾದ ವಸ್ತು, ಆದರೆ ಒಡೆಯ ಅದನ್ನು ನೋಡಿದ್ದೇ ಇಲ್ಲ. ಪ್ರತಿಯೊಂದರ ಮೇಲೂ ಬಿಳಿ ಸ್ಟಿಕ್ಕರ್, ಅದರ ಮೇಲೆ ಹುಡುಗನ ಕೈಬರಹ: ‘ಸೋಲಾರ್ ಸರ್’, ‘ಸೋಲಾರ್ ಮೇಡಂ’, ‘ಸೋಲಾರ್ ತಾತ’, ಹಿಂಬದಿಗೆ ಪಾಸ್‌ವರ್ಡು. ಸಾಹೇಬರ ಟೋಕನ್ ಚುಚ್ಚಿದಾಗ ಅವಧಿ ಮುಗಿದಿರುತ್ತದೆ. ಎರಡು ವರ್ಷದ ಹಿಂದೆ ಇದೇ ಲಾಸ್ಟ್ ಡೇಟಿನ ಗಡಿಬಿಡಿಯಲ್ಲಿ ಮಾಡಿಸಿದ್ದಲ್ಲವೇ, ಮುಗಿಯುವುದೂ ಇದೇ ಹೊತ್ತಿಗೆ. ಹೊಸದಕ್ಕೆ ವಿಡಿಯೊ ಪರಿಶೀಲನೆ ಬೇಕು. ಸಾಹೇಬರು ಪಂಚೆಯ ಮೇಲೆ ಕೋಟು ಹಾಕಿ ಕ್ಯಾಮೆರಾದ ಮುಂದೆ ತಮ್ಮ ಹೆಸರು ತಾವೇ ಹೇಳಿಕೊಳ್ಳುತ್ತಾರೆ. ಅತ್ತ ಆಫೀಸಿನಲ್ಲಿ ಪೋರ್ಟಲ್ಲಿನ ಚಕ್ರ ತಿರುಗುತ್ತಲೇ ಇರುತ್ತದೆ. ಇಡೀ ದೇಶದ ಸಾಹೇಬರುಗಳೆಲ್ಲ ಅದೇ ರಾತ್ರಿ ಅದೇ ಬಾಗಿಲು ತಟ್ಟಿದರೆ ಇನ್ನೇನಾದೀತು? “ಸರ್ವರ್ ಸರಿಯಿಲ್ಲ ಕಣ್ರೀ, ಏನು ಡಿಜಿಟಲ್ ಇಂಡಿಯಾನೋ” ಎಂದು ಬೈಯುವವರಲ್ಲಿ ಏರುದನಿ ಇವರದೇ.

ಮತ್ತೆ, ಕಾಯುವುದರಲ್ಲಿ ಲಾಭವಿಲ್ಲ ಎನ್ನುವಂತೆಯೂ ಇಲ್ಲ. ಕೋವಿಡ್ ವರ್ಷದಲ್ಲಿ ‘ಫ್ರೆಶ್ ಸ್ಟಾರ್ಟ್’ ಎಂಬ ಯೋಜನೆ ಬಂದು, 2020ರ ಡಿಸೆಂಬರ್ ಕೊನೆಯವರೆಗೆ ಹಳೆಯ ಬಾಕಿಯನ್ನೆಲ್ಲ ದಂಡವಿಲ್ಲದೆ ಸಲ್ಲಿಸಲು ಬಿಟ್ಟಿತು. ಮರುವರ್ಷದ ಫಾರಂಗಳ ಗಡುವು 2022ರ ಮಾರ್ಚ್ ತನಕ ಜಗ್ಗಿತು. 2025ರ ಜುಲೈನಲ್ಲಿ ವಾರ್ಷಿಕ ಫಾರಂಗಳೆಲ್ಲ ಪೋರ್ಟಲ್ಲಿನ ಮೂರನೇ ಆವೃತ್ತಿಗೆ ಸ್ಥಳಾಂತರವಾಗಿ, ಹಳೆಯ ಪಿಡಿಎಫ್‌ಗೆ ಒಗ್ಗಿದ್ದವರು ತಡಕಾಡುವಂತಾದಾಗ, ಸಚಿವಾಲಯ ಮೊದಲು ಡಿಸೆಂಬರ್ 31ರವರೆಗೆ, ಆಮೇಲೆ 2026ರ ಜನವರಿ 31ರವರೆಗೆ ದಂಡ ಬಿಟ್ಟುಕೊಟ್ಟಿತು. ಅಕ್ಟೋಬರಿನಲ್ಲೇ ನಿದ್ದೆಗೆಟ್ಟು ಸಲ್ಲಿಸಿದ್ದ ಶಿಸ್ತಿನ ಜನ ಪೆಚ್ಚಾದರು. ಸಾಹೇಬರು ಆಡಿಟರಿಗೆ ಸುತ್ತೋಲೆಯನ್ನು ವಾಟ್ಸ್ಆ್ಯಪ್ ಮಾಡಿ “ನಾನು ಹೇಳ್ಲಿಲ್ವಾ?” ಎಂದು ಬರೆದರು. ಮುಂದಕ್ಕೆ ಹೋಗಿದ್ದು ದಂಡದ ದಿನಾಂಕ ಮಾತ್ರ, ಮಹಾಸಭೆಯ ದಿನಾಂಕವಲ್ಲ ಎಂಬ ಸಾಲು ಅದೇ ಸುತ್ತೋಲೆಯಲ್ಲಿತ್ತು. ಅಷ್ಟು ಕೆಳಗೆ ಅವರು ಓದುವುದಿಲ್ಲ.

ಎಲ್ಲ ಸಲ್ಲಿಕೆಯಾಗಿ ಚಲನ್ ಕೈಗೆ ಬಂದ ಸಂಜೆ ಸಾಹೇಬರಿಗೆ ಹೊಸ ಹುರುಪು. ಯಾರೋ ಹೇಳಿದ್ದಾರೆ, ಎಲ್‌ಎಲ್‌ಪಿ ಅಂತ ಒಂದಿದೆಯಂತೆ, ಪಾಲುದಾರಿಕೆಯೂ ಹೌದು, ಹೊಣೆಯೂ ಸೀಮಿತ. ಮಹಾಸಭೆಯ ಕಾಟವಿಲ್ಲ, ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ ದಾಟದಿದ್ದರೆ ಆಡಿಟ್ಟೂ ಬೇಡ. “ಅದೊಂದು ಮಾಡ್ಬಿಡೋಣ ಸರ್. ಎರಡನೇ ಪಾಲುದಾರಳು ಮನೆಯವಳೇ.”

ಆಡಿಟರು ಕನ್ನಡಕ ತೆಗೆದು ಒರೆಸಿಕೊಂಡರು. ಎಲ್‌ಎಲ್‌ಪಿಗೂ ವಾರ್ಷಿಕ ರಿಟರ್ನ್ ಉಂಟು, ಫಾರಂ 11, ಮೇ 30ರೊಳಗೆ. ಲೆಕ್ಕದ ಫಾರಂ 8 ಅಕ್ಟೋಬರ್ 30ಕ್ಕೆ. ವ್ಯಾಪಾರ ಸೊನ್ನೆಯಾದರೂ ಎರಡನ್ನೂ ಹಾಕಲೇಬೇಕು ಎಂದು ಬಿಡಿಸಿ ಹೇಳಿದರು.

“ಮೇ 30ಆ?” ಸಾಹೇಬರು ಕ್ಯಾಲೆಂಡರ್ ನೋಡಿದರು. “ಅಯ್ಯೋ, ಬೇಕಾದಷ್ಟು ಟೈಮಿದೆ ಬಿಡಿ.”