ಮತದಾರರನ್ನು ನಂಬದ ಜನರಲ್‌ಗೆ

ಲೆಫ್ಟಿನೆಂಟ್ ಜನರಲ್ ಹಮೀದ್ ಗುಲ್ ಅವರಿಗೆ,

2015ರ ಆಗಸ್ಟ್ 15ರಂದು ಮುರ್ರೀಯಲ್ಲಿ ನೀವು ತೀರಿಕೊಂಡಿರಿ. ಈ ಪತ್ರ ನಿಮಗೆ ತಲುಪದು ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಏಕೆಂದರೆ ನೀವು ಹಾಕಿಕೊಟ್ಟ ದಾರಿಯಲ್ಲಿ ನಡೆಯುವವರು ಇನ್ನೂ ಇದ್ದಾರೆ. ಭಾರತದಲ್ಲಿ ನಿಮ್ಮ ಹೆಸರೆತ್ತಿದರೆ ಮೊದಲು ಬರುವುದು ಕಾಶ್ಮೀರದ ಮಾತು. ಆ ಲೆಕ್ಕ ದೊಡ್ಡದು, ಅದನ್ನು ಇಲ್ಲಿ ತೆಗೆಯುವುದಿಲ್ಲ. ನಾನು ಕೇಳಬೇಕೆಂದಿರುವುದು ನಿಮ್ಮದೇ ದೇಶದ ಮತದಾರರ ಬಗ್ಗೆ.

1988ರ ಆಗಸ್ಟ್ 17ರಂದು ಬಹಾವಲ್‌ಪುರದ ಬಳಿ ವಿಮಾನ ಬಿದ್ದು ಸೇನಾಡಳಿತಗಾರ ಜಿಯಾ ಉಲ್ ಹಕ್ ಸತ್ತರು. ಹನ್ನೊಂದು ವರ್ಷ ಸೇನೆಯ ಮರ್ಜಿಯಲ್ಲಿ ಬದುಕಿದ್ದ ಜನರಿಗೆ ಕೊನೆಗೂ ಸರದಿ ಬಂತು. ನವೆಂಬರ್ 16ಕ್ಕೆ ಚುನಾವಣೆ. ಪಾಕಿಸ್ತಾನದ ಬೇಹುಗಾರಿಕೆ ಸಂಸ್ಥೆ ಐಎಸ್‌ಐ ಮುಖ್ಯಸ್ಥರಾಗಿದ್ದ ನೀವು ಬೆನಜೀರ್ ಭುಟ್ಟೋ ಅವರಿಗೆ ಎದುರಾಗಿ ಒಂಬತ್ತು ಪಕ್ಷಗಳನ್ನು ಒಟ್ಟು ಹಾಕಿ ‘ಇಸ್ಲಾಮಿ ಜಮ್ಹೂರಿ ಇತ್ತೆಹಾದ್’ ಎಂಬ ಮೈತ್ರಿಕೂಟ ಕಟ್ಟಿದಿರಿ. ಇದು ನಿಮ್ಮ ಮೇಲೆ ಬೇರೆಯವರು ಹೊರಿಸಿದ ಆರೋಪವಲ್ಲ, ಪತ್ರಕರ್ತರ ಮುಂದೆ ನೀವೇ ಒಪ್ಪಿಕೊಂಡದ್ದು.

ಅದೇ ಚುನಾವಣೆಯಲ್ಲಿ ಗುರುತಿನ ಚೀಟಿ ಇಲ್ಲದವರು ಮತ ಹಾಕುವಂತಿರಲಿಲ್ಲ. ಹಳ್ಳಿಗಳ ಹೆಂಗಸರಲ್ಲಿ, ಕೂಲಿಯವರಲ್ಲಿ ಎಷ್ಟೋ ಮಂದಿ ಚೀಟಿಯನ್ನೇ ಮಾಡಿಸಿರಲಿಲ್ಲ. ಚೀಟಿ ಕಡ್ಡಾಯವಲ್ಲ ಎಂದು ಲಾಹೋರ್ ಹೈಕೋರ್ಟ್ ಹೇಳಿತ್ತು. ಮತದಾನಕ್ಕೆ ಕೆಲವೇ ದಿನ ಇರುವಾಗ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಆ ನಿಯಮ ನಿಮ್ಮದಲ್ಲ, ಒಪ್ಪುತ್ತೇನೆ. ಆದರೆ ಅಂಥ ಅಡೆತಡೆಗಳನ್ನು ದಾಟಿ ಮತಗಟ್ಟೆಗೆ ಬಂದು ಬೆರಳಿಗೆ ಶಾಯಿ ಹಾಕಿಸಿಕೊಂಡ ಹೆಂಗಸಿನ ಮತಕ್ಕೆ ಎದುರಾಗಿ ನೀವು ನಿಲ್ಲಿಸಿದ್ದು ಒಂದು ಇಡೀ ಬೇಹುಗಾರಿಕೆ ಸಂಸ್ಥೆಯನ್ನು. ಇಷ್ಟಾದರೂ ಬೆನಜೀರ್ ಅವರ ಪಕ್ಷವೇ ಅತಿ ಹೆಚ್ಚು ಸ್ಥಾನ ಗೆದ್ದಿತು, ಬಹುಮತ ಮಾತ್ರ ಸಿಗಲಿಲ್ಲ. ಪಂಜಾಬ್ ನಿಮ್ಮ ಕೂಟದ ನವಾಜ್ ಷರೀಫ್ ಕೈಗೆ ಹೋಯಿತು.

ಇಂಥದೊಂದು ಕೂಟ ಇಲ್ಲದಿದ್ದರೆ ಸೇನೆ ಚುನಾವಣೆಗೇ ಒಪ್ಪುತ್ತಿರಲಿಲ್ಲ ಎಂಬುದು ನಿಮ್ಮ ಸಮರ್ಥನೆಯಾಗಿತ್ತು. ಈ ಮಾತು ನನ್ನನ್ನು ತುಂಬ ಕಾಡಿದೆ. ಚುನಾವಣೆಗೆ ಒಪ್ಪಲು ಅಥವಾ ಬಿಡಲು ಸೇನೆ ಯಾರು? ನಿಮ್ಮ ಸಮವಸ್ತ್ರಕ್ಕೆ, ಸಂಬಳಕ್ಕೆ, ಬಂಗಲೆಗೆ ತೆರಿಗೆ ಕಟ್ಟಿದವರು ಆ ಜನರೇ.

1989ರ ಮೇ ತಿಂಗಳಲ್ಲಿ, ಪ್ರಧಾನಿಯಾಗಿದ್ದ ಬೆನಜೀರ್ ನಿಮ್ಮನ್ನು ಐಎಸ್‌ಐಯಿಂದ ಎತ್ತಂಗಡಿ ಮಾಡಿದರು. ಅಫ್ಘಾನಿಸ್ತಾನದಲ್ಲಿ ನಿಮ್ಮ ಸಂಸ್ಥೆ ಬೆಂಬಲಿಸಿದ್ದ ಜಲಾಲಾಬಾದ್ ಮುತ್ತಿಗೆ ಹೀನಾಯವಾಗಿ ಸೋತು ಅಫ್ಘನ್ನರು ಸಾವಿರಗಟ್ಟಲೆ ಸತ್ತ ಹೊತ್ತು ಅದು. ಆದರೆ ನೀವು ಬೆಳೆಸಿದ ಚಾಳಿ ನಿಮ್ಮೊಂದಿಗೆ ವರ್ಗವಾಗಲಿಲ್ಲ. ಅದೇ ವರ್ಷ ‘ಮಿಡ್‌ನೈಟ್ ಜಾಕಲ್’ ಎಂಬ ಹೆಸರಿನ ಸಂಚು ಬಯಲಾಯಿತು. ನಿಮ್ಮ ಕೈಕೆಳಗಿದ್ದ ಬ್ರಿಗೇಡಿಯರ್ ಇಮ್ತಿಯಾಜ್ ಅಹ್ಮದ್ ಮತ್ತು ಮೇಜರ್ ಆಮಿರ್, ಆಡಳಿತ ಪಕ್ಷದ ಸಂಸದರನ್ನು ಕೊಳ್ಳುವ ಮಾತಾಡುತ್ತಿದ್ದಾಗ ಗುಪ್ತಚರ ದಳದ ಟೇಪಿನಲ್ಲಿ ಸಿಕ್ಕಿಬಿದ್ದರು. ಬೇಹುಗಾರರ ಮೇಲೆ ಬೇಹುಗಾರರು! ನವೆಂಬರ್ 1ರಂದು ಬೆನಜೀರ್ ಸರ್ಕಾರದ ವಿರುದ್ಧದ ಅವಿಶ್ವಾಸ ನಿರ್ಣಯಕ್ಕೆ ಬೇಕಿದ್ದದ್ದು 119 ಮತ, ಬಿದ್ದದ್ದು 107. ಸರ್ಕಾರ ಉಳಿಯಿತು, ಆದರೆ ಒಂಬತ್ತು ತಿಂಗಳ ಮಟ್ಟಿಗೆ ಮಾತ್ರ. 1990ರ ಆಗಸ್ಟ್ 6ರಂದು ಅಧ್ಯಕ್ಷ ಗುಲಾಂ ಇಶಾಕ್ ಖಾನ್ ಅದನ್ನು ವಜಾ ಮಾಡಿದರು.

ಆಮೇಲಿನ ಚುನಾವಣೆಗೆ ಹರಿದ 14 ಕೋಟಿ ರೂಪಾಯಿಯ ಕಥೆಯಲ್ಲಿ ನೀವು ಕುರ್ಚಿಯ ಮೇಲಿರಲಿಲ್ಲ. ಅಲ್ಲಿದ್ದವರು ಸೇನಾ ಮುಖ್ಯಸ್ಥ ಅಸ್ಲಂ ಬೇಗ್ ಮತ್ತು ಐಎಸ್‌ಐಯ ಅಸದ್ ದುರಾನಿ. ನಿವೃತ್ತ ಏರ್ ಮಾರ್ಷಲ್ ಅಸ್ಗರ್ ಖಾನ್ 1996ರಲ್ಲಿ ಆ ಹಣದ ಬಗ್ಗೆ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ತೀರ್ಪು ಬಂದದ್ದು 2012ರ ಅಕ್ಟೋಬರ್‌ನಲ್ಲಿ. ಐಎಸ್‌ಐಯ ರಾಜಕೀಯ ಘಟಕ 1975ರಲ್ಲಿ ಬೆನಜೀರ್ ಅವರ ತಂದೆಯ ಸರ್ಕಾರದ ಆದೇಶದಿಂದಲೇ ಹುಟ್ಟಿದ್ದು ಎಂಬ ಸಂಗತಿಯೂ ಆ ವಿಚಾರಣೆಯಲ್ಲಿ ಚರ್ಚೆಗೆ ಬಂತು. ಅಪ್ಪ ಸಾಕಿದ್ದೇ ಮಗಳನ್ನು ಕಚ್ಚಿತು. ಇಬ್ಬರು ಜನರಲ್‌ಗಳಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ.

2007ರಲ್ಲಿ ನೀವು ಬೀದಿಗಿಳಿದಿರಿ. ಅಧ್ಯಕ್ಷ ಮುಷರಫ್ ವಜಾ ಮಾಡಿದ ನ್ಯಾಯಮೂರ್ತಿಗಳ ಪರವಾಗಿ ವಕೀಲರ ಜೊತೆ ನಿಂತಿರಿ. ನವೆಂಬರ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿದಾಗ ಪೊಲೀಸರು ನಿಮ್ಮನ್ನೂ ಹಿಡಿದೊಯ್ದರು. ಅದನ್ನು ನಾಟಕವೆಂದು ತಳ್ಳಿಹಾಕಲಾರೆ, ಆ ದಿನ ನಿಮಗಾದದ್ದೂ ಅನ್ಯಾಯವೇ. ಆದರೆ ಬಂದೂಕು ಹಿಡಿದವನ ಮುಂದೆ ಸಂವಿಧಾನ ಎಷ್ಟು ನಿಸ್ಸಹಾಯಕ ಎಂದು ಆಗ ಕಂಡಿರಲ್ಲ, 1988ರ ಕಡತಗಳನ್ನು ಅಂದೇ ಏಕೆ ಬಿಚ್ಚಿಡಲಿಲ್ಲ? ಕೂಟ ಕಟ್ಟಿದ್ದು ನಾನೇ ಎಂದು ಹೇಳಿದ್ದು ಸಾಲದು. ಪಾಕಿಸ್ತಾನದಲ್ಲಿ ಇಂದಿಗೂ ಒಬ್ಬ ಪ್ರಧಾನಿಯೂ ಐದು ವರ್ಷದ ಅವಧಿ ಪೂರೈಸಿಲ್ಲ.

ನಿಮ್ಮ ಜೊತೆ ದುಡಿದ ಅಧಿಕಾರಿಗಳಲ್ಲಿ ಬದುಕಿರುವವರಿಗೆ ನನ್ನದೊಂದು ಬೇಡಿಕೆ. ಯಾವ ಪಕ್ಷವನ್ನು ಹೇಗೆ ಒಪ್ಪಿಸಿದಿರಿ, ಯಾರನ್ನು ಬೆದರಿಸಿದಿರಿ, ಖರ್ಚು ಯಾವ ಬಾಬತ್ತಿನಲ್ಲಿ ತೋರಿಸಿದಿರಿ, ಎಲ್ಲವನ್ನೂ ಹೆಸರು ಸಮೇತ ಬರೆದು ಪ್ರಕಟಿಸಿ. 1988ರಲ್ಲಿ ಮೊದಲ ಸಲ ಮತ ಹಾಕಿದವರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಅವರು ಓದುವಂತೆ ಬರೆಯಿರಿ.

ಇತಿ,
ನೆರೆದೇಶದ ಒಬ್ಬ ಮತದಾರ