ನಿಮಿಷಕ್ಕೆ ಮೂರು ತೊಟ್ಟು

ದೋಣಿಯನ್ನು ನೀರಿನಿಂದ ಎತ್ತಿ ನೆಲದ ಮೇಲೆ ನಿಲ್ಲಿಸಿದ ದಿನ ರಾಯರು ಮನೆಯಲ್ಲಿ ಹೇಳಿದ್ದು, "ಒಂದು ಶನಿವಾರದ ಕೆಲಸ" ಅಂತ. ಯಾವ ಶನಿವಾರ ಅಂತ ಹೇಳಿರಲಿಲ್ಲ.

ಈ ರಾಯರು ಯಾರೆಂದು ಓದುಗರು ಕೇಳಬಾರದು. ಬರೆದವರಿಗೂ ಮಾನ ಅಂತ ಒಂದಿರುತ್ತದೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಹೊರೆಯುವ, ಐವತ್ತು ದಾಟಿದ ಗೃಹಸ್ಥರು. ಚೆಸಪೀಕ್ ಕೊಲ್ಲಿಯ ದಡದ ಅನಾಪೊಲಿಸ್ಸಿನಲ್ಲಿ ಅವರದೊಂದು 30 ಅಡಿಯ, 1982ರಲ್ಲಿ ಹುಟ್ಟಿದ ಹಾಯಿದೋಣಿ ಇದೆ. ಈಜು ಅಷ್ಟಕ್ಕಷ್ಟೇ. ಇಷ್ಟು ಸಾಕು.

ಹಾಯಿದೋಣಿಗೆ ಎಂಜಿನ್ ಯಾಕೆ ಅಂತ ಅದನ್ನು ಕೊಂಡ ದಿನವೇ ರಾಯರ ಹೆಂಡತಿ ಕೇಳಿದ್ದರು. ಗಾಳಿ ಮುನಿಸಿಕೊಂಡ ದಿನ ಮನೆಗೆ ಬರಬೇಕಲ್ಲ, ಅದಕ್ಕೆ. ಎಂಜಿನ್ ಒಳಗೆ, ಪ್ರೊಪೆಲ್ಲರ್ ಹೊರಗೆ ನೀರಲ್ಲಿ. ಎರಡನ್ನೂ ಕೂಡಿಸುವ ಒಂದಿಂಚು ದಪ್ಪದ ಶಾಫ್ಟು ದೋಣಿಯ ಹೊಟ್ಟೆಯನ್ನು ತೂತು ಮಾಡಿಕೊಂಡೇ ಹೋಗಬೇಕು. ನೀರಿನ ಮಟ್ಟದಿಂದ ಎರಡಡಿ ಕೆಳಗೆ ಒಂದಿಂಚಿನ ತೂತು ಬಿದ್ದರೆ ಸೆಕೆಂಡಿಗೆ ಸುಮಾರು ಒಂದು ಲೀಟರ್ ನೀರು ನುಗ್ಗುತ್ತದೆ, ನಿಮಿಷಕ್ಕೆ ನಾಲ್ಕು ಕೊಡ. ಶಾಫ್ಟು ತಿರುಗಲೂ ಬೇಕು, ನೀರು ಬರಲೂ ಬಾರದು. ಇದಕ್ಕೆ ತಲೆ ಕೆಡಿಸಿಕೊಂಡವರಲ್ಲಿ ರಾಯರೇ ಮೊದಲಿಗರಲ್ಲ. ಶಾಫ್ಟು ಹಿಡಿಯುವ ಹಿತ್ತಾಳೆ ಬೇರಿಂಗುಗಳು ಸವೆದು ಹಬೆಹಡಗುಗಳು ಒದ್ದಾಡುತ್ತಿದ್ದಾಗ, 1854ರಲ್ಲಿ ಇಂಗ್ಲೆಂಡಿನ ಜಾನ್ ಪೆನ್ ಲಿಗ್ನಮ್ ವೈಟೆ ಎಂಬ ಮರದ ಪಟ್ಟಿಗಳನ್ನು ಕೂರಿಸಿ ಗೆದ್ದ. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರದ ಮರ, ಅದರ ರಾಳವೇ ಅದಕ್ಕೆ ಎಣ್ಣೆ.

ರಾಯರ ದೋಣಿಯಲ್ಲಿದ್ದದ್ದು ಹಳೇ ಕಾಲದ ಸ್ಟಫಿಂಗ್ ಬಾಕ್ಸು. ಶಾಫ್ಟಿನ ಸುತ್ತ ಮೇಣ ಕುಡಿಸಿದ ನಾರಿನ ಹಗ್ಗದ ಮೂರು ಬಳೆ, ಅವನ್ನು ಒತ್ತಿ ಹಿಡಿಯಲು ಒಂದು ದಪ್ಪ ನಟ್ಟು. ಇದು ಸ್ವಲ್ಪ ಸೋರಲೇಬೇಕು. ಎಂಜಿನ್ ಓಡುವಾಗ ನಿಮಿಷಕ್ಕೆ ಎರಡೋ ಮೂರೋ ತೊಟ್ಟು ಬಿದ್ದರೆ ಆರೋಗ್ಯ, ಒಣಗಿದರೆ ಶಾಫ್ಟು ಕಾದು ಸವೆಯುತ್ತದೆ. ರಾಯರದು ಮೂವತ್ತೊಂದು ತೊಟ್ಟು. ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಖುದ್ದು ಎಣಿಸಿದ ಲೆಕ್ಕ ಇದು.

ಅರಸೀಕೆರೆ ಕಡೆಯ ಭಾಮೈದನಿಗೆ ವಿಡಿಯೊ ಕಾಲಿನಲ್ಲಿ ತೋರಿಸಿದರು. ಅವನು ನಕ್ಕುಬಿಟ್ಟ. "ಅಯ್ಯೋ ಭಾವ, ಇದು ನಮ್ಮ ಪಂಪ್‌ಸೆಟ್ಟಿನ ಗ್ಲ್ಯಾಂಡ್ ಅಲ್ವಾ? ಒಂದು ಗೇಣು ಹಗ್ಗ ಸುತ್ತಿ, ಗ್ರೀಸ್ ಬಳಿದು, ನಟ್ಟು ಬಿಗಿ ಮಾಡಿ. ಹತ್ತು ನಿಮಿಷ." ಮಾತು ನೂರಕ್ಕೆ ನೂರು ನಿಜ. ಬಾವಿಕಟ್ಟೆಯ ಮೇಲೆ ಆ ಹಗ್ಗ ಬದಲಿಸುವುದನ್ನು ರಾಯರು ಹಬ್ಬಕ್ಕೆ ಹೋದಾಗೆಲ್ಲ ನೋಡಿದ್ದರು. "ನೀನು ಈಗಲೂ ಹಗ್ಗ ಹಾಕ್ತೀಯೇನೋ?" ಅಂದರು. "ಈಗೆಲ್ಲಿ ಭಾವ. ಬಾವಿ ಬತ್ತಿ ಹದಿನೈದು ವರ್ಷ ಆಯ್ತು. ಈಗ ಬೋರು, ಎಂಟುನೂರು ಅಡಿ. ಅದೂ ತೊಟ್ಟಿಕ್ತಾ ಇದೆ." ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹತ್ತು ನಿಮಿಷದ ಕೆಲಸ ರಾಯರಿಗೆ ರುಚಿಸಲಿಲ್ಲ. ಒಂದು ತೊಟ್ಟೂ ಸೋರದ ಹೊಸ ಸೀಲ್ ತರಿಸಿದರು. ರಬ್ಬರಿನ ತಿದಿ, ಅದರ ಮೂತಿಗೆ ಕಾರ್ಬನ್ ಬಳೆ, ಶಾಫ್ಟಿಗೆ ಕಚ್ಚಿ ಕೂರುವ ಸ್ಟೀಲ್ ಬಳೆ. ಬಳೆಗಳೆರಡೂ ಕನ್ನಡಿಯಷ್ಟು ನುಣುಪು, ಒಂದಕ್ಕೊಂದು ಒತ್ತಿಕೊಂಡು ತಿರುಗುತ್ತಲೇ ನೀರು ತಡೆಯುತ್ತವೆ. ಇದನ್ನು ಶಾಫ್ಟಿಗೆ ತೊಡಿಸಬೇಕಾದರೆ ಮಾತ್ರ ಶಾಫ್ಟನ್ನೂ ಗೇರ್‌ಬಾಕ್ಸನ್ನೂ ಜೋಡಿಸುವ ಕಪ್ಲಿಂಗ್ ಬಿಚ್ಚಬೇಕು. ಅದು ದೋಣಿ ಹುಟ್ಟಿದಾಗಿನಿಂದ ಅಲ್ಲೇ ಇತ್ತು. ಶಾಫ್ಟಿನ ಜೊತೆ ಸಂಸಾರ ಹೂಡಿ ತುಕ್ಕಿನಲ್ಲಿ ಒಂದಾಗಿತ್ತು.

ಮೂರು ವಾರಾಂತ್ಯ. ಎಣ್ಣೆ ಬಿಟ್ಟರು, ಬಿಸಿ ಮಾಡಿದರು, ಬೈದರು. ದೋಣಿ ನಿಂತ ಯಾರ್ಡಿಗೆ ದಿನದ ಬಾಡಿಗೆ ಏರುತ್ತಿತ್ತು. ಏಣಿಯ ಕೆಳಗೆ ಕಾಫಿ ಹಿಡಿದು ಬಂದವರೆಲ್ಲ ಸಲಹೆಗಾರರೇ: ಒಬ್ಬ ಕತ್ತರಿಸಿ ಬಿಸಾಡಿ ಅಂದ, ಇನ್ನೊಬ್ಬ ಮಾರಿಬಿಡಿ ಅಂದ. ಒಬ್ಬನೂ ಸ್ಪ್ಯಾನರ್ ಹಿಡಿಯಲಿಲ್ಲ. ಕಡೆಗೆ ಹಳೇ ಉಪಾಯವೇ ಕೈಹಿಡಿಯಿತು: ಶಾಫ್ಟಿನ ತುದಿಗೂ ಗೇರ್‌ಬಾಕ್ಸಿಗೂ ನಡುವೆ ಒಂದು ಸಾಕೆಟ್ ಇಟ್ಟು, ಉದ್ದನೆಯ ನಾಲ್ಕು ಬೋಲ್ಟು ಹಾಕಿ, ಒಂದೊಂದನ್ನೂ ಕಾಲು ಸುತ್ತಿನ ಲೆಕ್ಕದಲ್ಲಿ ಬಿಗಿಯುತ್ತಾ ಹೋಗುವುದು. ಢಮ್ ಅಂತ ಸದ್ದಾಯಿತು. ಹೃದಯವೋ ಕಪ್ಲಿಂಗೋ ಅಂತ ರಾಯರಿಗೆ ಒಂದು ಕ್ಷಣ ತಿಳಿಯಲಿಲ್ಲ.

ಆಮೇಲಿನದೆಲ್ಲ ಹುರುಪು. ಶಾಫ್ಟು ಉಜ್ಜಿ ಫಳಫಳ ಮಾಡಿದರು. ಕಪ್ಲಿಂಗಿನ ತುಕ್ಕು ತೆಗೆದು ಬಣ್ಣ ಹೊಡೆದರು. ಅದನ್ನು ಶಾಫ್ಟಿಗೆ ಏರಿಸಿ, ಬೋಲ್ಟು ಬಿಗಿದು, ಸಡಿಲವಾಗದಂತೆ ತಂತಿ ಹೆಣೆದರು. ಬೆವರು ಒರೆಸಿಕೊಂಡು, ಸೊಂಟ ಹಿಡಿದುಕೊಂಡು ಮೇಲೆದ್ದರು.

ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇತ್ತು.

ಖಾಲಿ ಪೆಟ್ಟಿಗೆ ಅಂದುಕೊಂಡರು. ಎತ್ತಿದರು. ಖಾಲಿ ಪೆಟ್ಟಿಗೆಗೆ ಇರಬಾರದ ತೂಕ ಅದಕ್ಕಿತ್ತು. ಅಲ್ಲಾಡಿಸಿದರು, ಗುಡುಗುಡು ಅಂದಿತು. ತೆರೆದು ನೋಡಿದರು. ಹೊಸ ರಬ್ಬರ್ ತಿದಿ, ಕಾರ್ಬನ್ ಬಳೆ, ಸ್ಟೀಲ್ ಬಳೆ, ಎಲ್ಲ ಮದುವಣಗಿತ್ತಿಯ ಹಾಗೆ ಪ್ಲಾಸ್ಟಿಕ್ ಹೊದ್ದು ಕೂತಿದ್ದವು. ಮುಚ್ಚಿದರು. ಮತ್ತೆ ತೆರೆದರು, ಆಗಲೂ ಇದ್ದವು. ಕಂಪನಿಯವರು ಅಪ್ಪಿತಪ್ಪಿ ಎರಡು ಸೀಲ್ ಕಳಿಸಿರಬಹುದೇ ಅನ್ನಿಸಿ ಎಂಜಿನ್ ಗೂಡಿಗೆ ಬಗ್ಗಿ ನೋಡಿದರು. ಶಾಫ್ಟು ಬೋಳಾಗಿ ಹೊಳೆಯುತ್ತಿತ್ತು. ತಿದಿಯನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಸುತ್ತಿ, ಗೋಂದು ಹಚ್ಚಿದರೆ? ಈ ಯೋಚನೆ ಬಂದದ್ದನ್ನು ರಾಯರು ಇವತ್ತಿಗೂ ಒಪ್ಪುವುದಿಲ್ಲ. ಡಬ್ಬಿಯಿಂದ ಒಂದು ಕೋಡುಬಳೆ ತೆಗೆದು ತಿಂದರು. ಇನ್ನೊಂದು ತಿಂದರು. ತಾಳಿ ಮರೆತು ಮದುವೆ ಮುಗಿಸಿ, ಊಟ ಬಡಿಸಿ, ಬೀಗರನ್ನು ಬಸ್ಸು ಹತ್ತಿಸಿ ಬಂದ ಪುರೋಹಿತನ ಸ್ಥಿತಿ. ಅಷ್ಟರಲ್ಲಿ ಹೆಂಡತಿಯ ಫೋನು: "ರೀ, ಮುಗೀತಾ?"

"ಮುಗೀತು" ಅಂದರು. ಸುಳ್ಳಲ್ಲ. ಮುಗಿದಿತ್ತು.

ಎರಡನೇ ಸಲ ಬಿಚ್ಚಲು ನಲವತ್ತೇ ನಿಮಿಷ ಹಿಡಿಯಿತು. ಸೀಲ್ ಕೂತಿತು, ಕಪ್ಲಿಂಗ್ ಮತ್ತೆ ಏರಿತು. ಮಾರ್ಚ್ ಬಂದಿತ್ತು. ಅನಾಪೊಲಿಸ್ಸಿನ ದೋಣಿಮಂದಿ ವಸಂತದ ಮೊದಲ ದಿನ ಚಳಿಗಾಲದ ಕಾಲುಚೀಲಗಳನ್ನು ಬೆಂಕಿಗೆ ಹಾಕಿ ಕುಣಿಯುತ್ತಾರೆ. ಅಲ್ಲಿನ ಯಾರ್ಡೊಂದರಲ್ಲಿ ಶುರುವಾದ ಹಬ್ಬ ಅದು. ರಾಯರೂ ಗ್ರೀಸ್ ಮೆತ್ತಿದ ಒಂದು ಜೊತೆ ಹಾಕಿದರು. ಎಲ್ಲರದಕ್ಕಿಂತ ಚೆನ್ನಾಗಿ ಉರಿಯಿತು.

ದೋಣಿಯನ್ನು ನೀರಿಗಿಳಿಸುವ ದಿನ, ಎತ್ತುವ ಯಂತ್ರದ ಪಟ್ಟಿಗಳಲ್ಲಿ ಅದು ಇನ್ನೂ ತೂಗುತ್ತಿರುವಾಗಲೇ ರಾಯರು ತಲೆಕೆಳಗಾಗಿ ಒಳಗೆ ಇಳಿದರು. ಒಂದು ತೊಟ್ಟೂ ಸೋರದ ಈ ಸೀಲಿಗೆ ಕೈಪಿಡಿ ಹೇಳುವ ಮೊದಲ ಸೇವೆ ಏನೆಂದರೆ, ತಿದಿಯನ್ನು ಕೈಯಾರೆ ಹಿಂದಕ್ಕೆ ಎಳೆದು, ಒಳಗೆ ಸಿಕ್ಕ ಗಾಳಿ ಹೋಗುವ ತನಕ ಕೊಲ್ಲಿಯ ನೀರನ್ನು ದೋಣಿಯೊಳಗೆ ಚಿಮ್ಮಿಸುವುದು. ರಾಯರು ಎಳೆದರು. ಕನ್ನಡಕ, ಮೂಗು, ಅಂಗಿ, ಎಲ್ಲಕ್ಕೂ ಅಭಿಷೇಕವಾಯಿತು. ದಡದಿಂದ ಹೆಂಡತಿ ಕೂಗಿದರು, "ರೀ, ನೀರು ಬಂತಾ?"

"ಬಂತು!" ಅಂತ ಒಳಗಿನಿಂದ ಆನಂದದ ಕೂಗು. ಯಂತ್ರ ನಡೆಸುವವನು ಗಾಬರಿಯಾಗಿ ದೋಣಿಯನ್ನು ಮತ್ತೆ ಎತ್ತಲು ಹೊರಟಿದ್ದ.

ಗಾಬರಿ ತಪ್ಪಲ್ಲ. ಕಡಲಿನ ನಡುವೆ ಮುಳುಗುವ ದೋಣಿಗಳಿಗಿಂತ ಕಟ್ಟಿಹಾಕಿದ ಜಾಗದಲ್ಲೇ, ಯಾರೂ ನೋಡದಿರುವಾಗ, ಹನಿಹನಿಯಾಗಿ ಮುಳುಗುವ ದೋಣಿಗಳೇ ಹೆಚ್ಚು. ರಾಯರು ಆ ವಾರ ಎರಡು ರಾತ್ರಿ ದೋಣಿಯಲ್ಲೇ ಮಲಗಿದರು. ಸೀಲಿನ ಕೆಳಗೆ ಟಿಶ್ಯೂ ಕಾಗದ ಹಾಸಿ, ಗಂಟೆಗೊಮ್ಮೆ ಎದ್ದು ಮುಟ್ಟಿ ನೋಡಿದರು. ಒಣಗಿತ್ತು. ಬೆಳಿಗ್ಗೆ ಅದರ ಫೋಟೊ ಭಾಮೈದನಿಗೆ ಹೋಯಿತು. ಬರೀ ಕಾಗದದ ಫೋಟೊ ಯಾಕೆ ಅಂತ ಅವನು ಕೇಳಿದ.

ಕೈಪಿಡಿಯ ಕೊನೆಯ ಪುಟವನ್ನು ರಾಯರು ಓದಿದ್ದು ಆಮೇಲೆ. ರಬ್ಬರ್ ತಿದಿಯನ್ನು ಆರು ವರ್ಷಕ್ಕೊಮ್ಮೆ ಬದಲಿಸಬೇಕು. ಅದಕ್ಕೆ ಕಪ್ಲಿಂಗ್ ಬಿಚ್ಚಬೇಕು.